ಹುಳುಮನೆಯಲ್ಲಿ ಸೋರಿದ ಜೀಪು

ಹನಿ ಬೀಳಿಸುವುದು ನನ್ನ ಕಸುಬು. ದಿಬ್ಬೂರಹಳ್ಳಿಯಲ್ಲಿ ನನ್ನದೊಂದು ಹನಿ ನೀರಾವರಿ ಸಾಮಾನಿನ ಅಂಗಡಿ ಇದೆ. ಸುತ್ತಲಿನ ಹಿಪ್ಪುನೇರಳೆ ತೋಟಗಳಲ್ಲಿ ಗಿಡದ ಬುಡಕ್ಕೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿದ್ದರೆ, ಅದರ ಹಿಂದೆ ಉದಯಕುಮಾರನಾದ ನನ್ನ ಕೈವಾಡವಿದೆ ಎಂದು ತಿಳಿಯಿರಿ. ಅಂಥವನು ಸ್ವಂತ ಮನೆಯಲ್ಲಿ ಒಂದು ಹನಿ ನಿಲ್ಲಿಸಲಾಗದೆ ನಗೆಪಾಟಲಾದೆ.

ಸೋರುತ್ತಿದ್ದುದು ನನ್ನ ಹಳೆಯ ಜೀಪು. ಮೂರು ವರ್ಷದಿಂದ ಅದನ್ನು ನಾನೇ ಬಿಚ್ಚಿ ಜೋಡಿಸುತ್ತಿದ್ದೇನೆ (ಬಿಚ್ಚಿದ್ದು ಒಂದು ವಾರ, ಉಳಿದದ್ದೆಲ್ಲ ಜೋಡಣೆ). ಗೌರಿಬಿದನೂರಿನ ಗುಜರಿಯಲ್ಲಿ ಸಿಕ್ಕ ಪವರ್ ಸ್ಟೇರಿಂಗನ್ನು ಅದಕ್ಕೆ ಕೂರಿಸುವ ಮಹಾಸಂಕಲ್ಪ ಮಾಡಿದೆ. ಎಂಜಿನ್ ಓಡುವಾಗ ಒಂದು ಪಂಪು ತಳ್ಳುವ ಎಣ್ಣೆಯ ಒತ್ತಡದಿಂದ ಸ್ಟೇರಿಂಗ್ ಹಗುರವಾಗಿ ತಿರುಗುವ ವ್ಯವಸ್ಥೆ ಅದು. ಕೂರಿಸಿದೆ, ತಿರುಗಿತು. ಜೊತೆಗೆ ಕೆಳಗೆ ಎಣ್ಣೆಯೂ ತೊಟ್ಟಿಕ್ಕಿತು.

ಬೇರೆಲ್ಲಾದರೂ ಸೋರಿದ್ದರೆ ರಾದ್ಧಾಂತವಾಗುತ್ತಿರಲಿಲ್ಲ. ಜೀಪು ನಿಂತಿದ್ದು ರೇಷ್ಮೆ ಹುಳುಮನೆಯಲ್ಲಿ. ಎರಡು ಬೆಳೆಗಳ ನಡುವೆ ಖಾಲಿ ಇದೆಯೆಂದು ಮೆಲ್ಲಗೆ ಒಳನುಗ್ಗಿಸಿದ್ದೆ. ಸೋಮವಾರ ಎಳೆಯ ಹುಳುಗಳು ಬರುವುದಿತ್ತು; ಎಣ್ಣೆ ವಾಸನೆ ಅವಕ್ಕೆ ಆಗುವುದಿಲ್ಲ. ಶನಿವಾರ ಬೆಳಿಗ್ಗೆ ನನ್ನ ಅರ್ಧಾಂಗಿ ಶೈಲಜಾ ತೀರ್ಪು ಕೊಟ್ಟಳು.

"ನಾಳೆ ಸಂಜೆ ಒಳಗೆ ಸೋರೋದು ನಿಂತ್ರೆ ಅಂಗಳದ ಶೀಟ್ ಕೆಳಗೆ ನಿಲ್ಸ್ಕೊಳಿ. ಇಲ್ಲಾಂದ್ರೆ ಗುಜರಿಗೆ. ಅವನಿಗೆ ಫೋನೂ ಮಾಡಿದೀನಿ."

"ಮೂರು ವರ್ಷದ ತಪಸ್ಸು ಕಣೇ!"

"ತಪಸ್ಸು ಮಾಡೋರು ಕಾಡಿಗೆ ಹೋಗ್ತಾರೆ ಕಣ್ರೀ, ಹುಳುಮನೆಗೆ ಬರಲ್ಲ."

ಈ ಜನ್ಮದಲ್ಲಿ ಯಾರೂ ಹೇಳದೆ, ನಾನೇ ಆಸೆಪಟ್ಟು ಕೈಹಾಕಿದ ಕೆಲಸ ಆ ಜೀಪೊಂದೇ.

ಜೀಪಿನ ಕೆಳಗೆ ತೂರಿದೆ. ಎಣ್ಣೆ ಬೀಳುತ್ತಿದ್ದುದು ಪಂಪಿನಿಂದ ಇಳಿಯುವ ಪೈಪಿನ ಕೆಳಗಿನ ಜಾಯಿಂಟಿನಿಂದ. ಜಾಯಿಂಟು ಸೋರಿದರೆ ನಮ್ಮ ಶಾಸ್ತ್ರದಲ್ಲಿ ಒಂದೇ ಮದ್ದು, ಬಿಳಿ ಟೇಪು. ಸುತ್ತಿದೆ, ಸೋರಿತು. ಬಿಚ್ಚಿ ಇನ್ನೂ ಹತ್ತು ಸುತ್ತು ಸುತ್ತಿದೆ, ಆಗಲೂ ಸೋರಿತು. ಮೇಲೆ ಪೈಪಿನ ಅಂಟು ಮೆತ್ತಿದೆ. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಜಾಯಿಂಟು ಪಟ್ಟಿ ಕಟ್ಟಿಸಿಕೊಂಡ ಮೊಣಕೈಯಂತೆ ಊದಿಕೊಂಡಿತ್ತು. ಎಣ್ಣೆ ಮಾತ್ರ ನಿಷ್ಠೆಯಿಂದ ತೊಟ್ಟಿಕ್ಕುತ್ತಲೇ ಇತ್ತು.

ಹುಳು ಸಾಕಲು ನೆರವಾಗಲೆಂದು ಚಿಂತಾಮಣಿಯಿಂದ ಬಂದಿದ್ದ ಅತ್ತೆ ಲಕ್ಷ್ಮೀನರಸಮ್ಮನವರು ಬಾಗಿಲಲ್ಲಿ ನಿಂತು, "ಏಮಪ್ಪಾ ಉದಯಾ, ಇಂಕಾ ಕಾಲೇದಾ?" ಎಂದು ತೆಲುಗಿನಲ್ಲಿ ವಿಚಾರಿಸಿದರು. ಇನ್ನೂ ಆಗಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದು.

ಶೈಲಜಾ ಬಗ್ಗಿ ನೋಡಿದಳು. "ಎಣ್ಣೆ ಬೀಳೋ ಜಾಗ ಅದು, ಸರಿ. ಹೊರಡೋ ಜಾಗಾನೂ ಅದೇನಾ?"

"ನಲವತ್ತು ಹಳ್ಳಿಗೆ ಪೈಪ್ ಹಾಕ್ಸಿರೋನು ನಾನು..."

"ಸ್ವಲ್ಪ ಸುಮ್ನಿರ್ರೀ."

ಮೊದಲು ಎಲ್ಲವನ್ನೂ ಬಟ್ಟೆಯಿಂದ ಒರೆಸಿದಳು. ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ) ತೇವ ಹೀರಲೆಂದು ಸುಣ್ಣದ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಉದುರಿಸುತ್ತಾರೆ. ಅದೇ ಗಂಟನ್ನು ತಂದು ಜೀಪಿನ ಮೇಲೆ ಝಾಡಿಸಿದಳು. ಪಂಪು, ಪೈಪು, ಕೆಳಗೆ ಅಂಗಾತ ಮಲಗಿದ್ದ ಪತಿದೇವರು, ಎಲ್ಲರಿಗೂ ಸಮನಾಗಿ ಸುಣ್ಣವಾಯಿತು.

"ಈಗ ಎದ್ದು ಸ್ಟಾರ್ಟ್ ಮಾಡಿ. ಸ್ಟೇರಿಂಗ್ ತಿರುಗ್ಸಿ."

ತಿರುಗಿಸಿದೆ. ಬೆಳ್ಳಗಿದ್ದ ಪುಡಿಯ ಮೇಲೆ ಒಂದು ಒದ್ದೆ ಗೆರೆ ಮೂಡಿತು. ಕೆಳಗಲ್ಲ, ಮೇಲೆ, ಪಂಪಿನ ಬಾಯಲ್ಲಿ! ಅಲ್ಲಿಂದ ಪೈಪಿನ ಬೆನ್ನ ಹಿಂದೆ ಕಳ್ಳನಂತೆ ಇಳಿದು, ಏನೂ ತಪ್ಪು ಮಾಡದ ಕೆಳಗಿನ ಜಾಯಿಂಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾನು ಎರಡು ದಿನ ಪಟ್ಟಿ ಕಟ್ಟಿದ್ದು ಈ ನಿರಪರಾಧಿಗೆ.

ಎಂಜಿನ್ ಆರಿಸಿ, ಪೈಪನ್ನು ಪಂಪಿಗೆ ಬಿಗಿದಿದ್ದ ಬೋಲ್ಟು ಬಿಚ್ಚಿದೆ. ಒಳಗಿನಿಂದ ಕರಗಿ ಹಪ್ಪಳವಾಗಿದ್ದ ಎರಡು ಕಪ್ಪು ರಬ್ಬರ್ ವಾಷರ್ ಹೊರಬಂದವು. ಶೈಲಜಾ ಒಂದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು.

"ಇದು ನಿಮ್ ಅಂಗಡೀದಲ್ವಾ?"

"ನೀರಿಗೆ ಐದು ವರ್ಷ ಗ್ಯಾರಂಟಿ ಅದಕ್ಕೆ!"

"ಬಿಸಿ ಎಣ್ಣೆಗೆ?"

ಆ ಬಗ್ಗೆ ನಾನು ಯೋಚಿಸಿರಲಿಲ್ಲ. ಸುಣ್ಣದ ಮುಖದಲ್ಲೇ ಸ್ಕೂಟರ್ ಹತ್ತಿ ಶಿಡ್ಲಘಟ್ಟಕ್ಕೆ ಓಡಿದೆ. ಗ್ಯಾರೇಜಿನ ಜಗನ್ ನನ್ನನ್ನು ನೋಡಿ ನಕ್ಕು ನಕ್ಕು ಸುಸ್ತಾದ ಮೇಲೆ ಎರಡು ತಾಮ್ರದ ವಾಷರ್ ಕೊಟ್ಟ. ತಂದು ಪೈಪಿನ ಬಾಯಿಯ ಮೇಲೊಂದು ಕೆಳಗೊಂದು ಹಾಕಿ ಬೋಲ್ಟು ಬಿಗಿದೆ. ಅತ್ತೆ ಜೀಪಿನ ಕೆಳಗೆ ನ್ಯೂಸ್ ಪೇಪರ್ ಹಾಸಿದರು. ಎಂಜಿನ್ ಶುರು ಮಾಡಿ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಇಪ್ಪತ್ತು ಸಲ ತಿರುಗಿಸಿದೆ. ತಾಯಿ ಮಗಳಿಬ್ಬರೂ ಮಂಡಿಯೂರಿ ನೋಡುತ್ತಿದ್ದರು.

"ಒಂದ್ ಚುಕ್ಕೇನೂ ಇಲ್ಲ ಕಣ್ರೀ!" ಶೈಲಜಾ ಕೂಗಿದಳು.

ಗೆದ್ದೆ! ಒಂದೇ ಬೆರಳಲ್ಲಿ ಸ್ಟೇರಿಂಗ್ ತಿರುಗಿಸುತ್ತಾ, ಹಾರನ್ ಬಾರಿಸುತ್ತಾ, ದಿಗ್ವಿಜಯ ಮುಗಿಸಿದ ಮಹಾರಾಜನ ಠೀವಿಯಲ್ಲಿ ಜೀಪನ್ನು ಹೊರತಂದು ಶೀಟಿನ ಕೆಳಗೆ ನಿಲ್ಲಿಸಿದೆ. ಸಂಜೆ ಬಂದ ಗುಜರಿಯವನಿಗೆ ನಾನೇ ಕಾಫಿ ಕೊಟ್ಟು ಕಳಿಸಿದೆ.

ಸೋಮವಾರ ಹುಳುಗಳು ಬಂದವು. ಹುಳುಮನೆ ದಾಟಿಕೊಂಡೇ ನಮ್ಮ ಮನೆಯೊಳಗೆ ಹೋಗಬೇಕು. ಮಧ್ಯಾಹ್ನ ಊಟಕ್ಕೆಂದು ಬಂದವನನ್ನು ಶೈಲಜಾ ಬಾಗಿಲಲ್ಲೇ ತಡೆದು ಮೂಸಿದಳು.

"ಎರಡು ಸಲ ಸ್ನಾನ ಮಾಡಿದೀನಿ ಕಣೇ!"

"ಜೀಪ್ ಸರಿಹೋಯ್ತು. ನಿಮ್ ಮೈ ಇನ್ನೂ ಎಣ್ಣೆ ವಾಸ್ನೆ ಹೊಡೀತಿದೆ. ಹುಳ ಗೂಡು ಕಟ್ಟೋವರ್ಗೂ ಒಳಗೆ ಬರಂಗಿಲ್ಲ. ಹಾಸ್ಗೆ ಜೀಪಲ್ಲಿ ಹಾಕಿದೀನಿ."

ಇದನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ. ಗೂಡು ಕಟ್ಟಲು ಇನ್ನೂ ಹನ್ನೆರಡು ದಿನವಿದೆ. ಮುದ್ದೆ, ಸಾರು ಬಾನೆಟ್ಟಿನ ಮೇಲೆ ಬರುತ್ತವೆ. ಎಂಜಿನ್ ಶುರು ಮಾಡಿಟ್ಟು, ಬಲಗೈಯಲ್ಲಿ ಮುದ್ದೆ ಮುರಿಯುತ್ತಾ ಎಡಗೈಯ ಒಂದೇ ಬೆರಳಲ್ಲಿ ಸ್ಟೇರಿಂಗ್ ತಿರುಗಿಸುತ್ತೇನೆ. ಬೆಣ್ಣೆಯ ಹಾಗೆ ತಿರುಗುತ್ತದೆ, ಸ್ವಾಮಿ.