ಮಾಳಿಗೆ ಮೂಲೆಯ ವಾಕ್ಯ

ಸೊಸೆ ಮೊಟ್ಟಮೊದಲು ಹೊಸಿಲು ದಾಟಿ ಬಂದ ದಿನ ಅತ್ತೆಯ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಸತ್ಯವೇದದ (ಬೈಬಲ್ಲಿನ) ಬೆನ್ನು ನೋಡಿದಳು.

"ಅಯ್ಯೋ, ಇದರ ಬೆನ್ನು ಮುರಿದುಹೋಗಿದೆಯಲ್ಲ!"

ಅತ್ತೆ ಕಾಜಾದಮ್ಮನಿಗೆ ಎದೆಗೆ ಸೂಜಿ ಚುಚ್ಚಿದಂತಾಯಿತು. (ಸೂಜಿ ಚುಚ್ಚಿದರೆ ಹೇಗಿರುತ್ತದೆಂದು ಆಕೆಗಿಂತ ಚೆನ್ನಾಗಿ ಬಲ್ಲವರಿಲ್ಲ. ದರ್ಜಿ ಅಂಗಡಿಯ ಅಂಗಿಗಳಿಗೆ ಕೈಯಲ್ಲಿ ಕಾಜಾ ಹೊಲಿದೇ ಆಕೆಗೆ ಆ ಹೆಸರು ಬಂದದ್ದು. ಗುಂಡಿ ತೂರುವ ಒಂದೊಂದು ಕಂಡಿಗೂ ಎಣಿಸಿ ಇಪ್ಪತ್ತೆರಡು ಹೊಲಿಗೆ. ಇಪ್ಪತ್ತಮೂರಾದರೆ ಬಿಚ್ಚಿ ಮತ್ತೆ ಹಾಕುವವಳು.)

"ಮುರೀದೆ ಇನ್ನೇನಮ್ಮ? ನಿನ್ನ ಮಾವನೋರು ನಲವತ್ತು ವರ್ಷ ದಿನಾ ಸಂಜೆ ಮಾಳಿಗೆ ಹತ್ತಿ ಓದಿದ ವೇದ ಅದು. ನಿಮ್ಮ ಲೈಬ್ರರಿ ಕಥೆಪುಸ್ತಕ ಅಲ್ಲ."

ಸೊಸೆಗೆ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ, ದಾರ ಹಾಕಿ, ಮರುಜೀವ ಕೊಡುವ ಕೆಲಸ. ಆಕೆ ಸುಮ್ಮನೆ ನಕ್ಕಳು. ಆ ನಗುವನ್ನು ಅತ್ತೆ ತಪ್ಪುಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದುಕೊಂಡಳು. (ಮನಸ್ಸಿನಲ್ಲೇ, ಬರೆಯುವುದು ಆಕೆಗೆ ಹೊಲಿದಷ್ಟು ಸಲೀಸಲ್ಲ.)

ಗಂಡನ ವೇದಾಧ್ಯಯನವೆಂದರೆ ಕಾಜಾದಮ್ಮನಿಗೆ ಕಿರೀಟವಿದ್ದಂತೆ. ಕೆಲಸದಿಂದ ಬಂದವರು ಚಹಾ ಕುಡಿದು, ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹದಿಮೂರು ಮೆಟ್ಟಿಲು ಹತ್ತಿಬಿಡುತ್ತಿದ್ದರು. ಊಟದ ಹೊತ್ತಿಗೆ ಈಕೆ ಮೆಟ್ಟಿಲ ಬುಡದಿಂದ, "ಇನ್ನೂ ಎಷ್ಟು ಅಧ್ಯಾಯ ಇದೇರೀ?" ಎಂದು ಕೂಗುವಳು. "ಒಂದೇ ಒಂದು ಕಣೇ!" ಎಂದು ಮೇಲಿಂದ ಉತ್ತರ. ಆ ಒಂದು ಮುಗಿದದ್ದು ಅವರು ತೀರಿಕೊಂಡ ಮೇಲೆಯೇ. ಸಮಾಧಿಯ ಕಲ್ಲಿನ ಮೇಲೆ "ಹಗಲಿರುಳು ವೇದವನ್ನು ಧ್ಯಾನಿಸಿದವರು" ಎಂದು ಕೆತ್ತಿಸಿದ್ದಳು. ಇಷ್ಟು ಅಕ್ಷರ ಹಿಡಿಸುವುದಿಲ್ಲ ಎಂದು ಕಲ್ಲುಕುಟಿಗ ಗೋಳಾಡಿದರೆ, "ಅಕ್ಷರ ಸಣ್ಣದು ಮಾಡು, ಭಕ್ತಿ ಸಣ್ಣದು ಮಾಡ್ಬೇಡ" ಎಂದಿದ್ದಳು.

ಸೊಸೆ ಬಂದು ಎರಡು ವರ್ಷವಾಯಿತು. ಟವೆಲು ಮಡಚಿದ್ದು ಓರೆ, ಪಾತ್ರೆ ಬೋರಲು ಹಾಕಿದ್ದು ವಾರೆ, ಬಾಗಿಲು ಹಾಕಿದ ಸದ್ದು ಜೋರು, ಹಾಕದಿದ್ದರೆ ಗಾಳಿ. ಸೊಸೆಯೂ ಬಾಯಿಗೆ ಅಂಟು ಹಚ್ಚಿಕೊಂಡವಳಲ್ಲ. ನಡುವೆ ಮಗ, ಎರಡು ಕಡೆಯಿಂದ ಎಳೆದ ಎಲಾಸ್ಟಿಕ್. ಕೊನೆಗೊಂದು ಶನಿವಾರ ಆತ ಗೋಡೆಯನ್ನು ನೋಡುತ್ತಾ ಹೇಳಿದ: "ಅಮ್ಮಾ, ಎರಡು ಬೀದಿ ಆಚೆ ಒಂದು ಮನೆ ನೋಡಿದ್ದೀವಿ. ನಾಳೆ ಸಂಜೆಯೊಳಗೆ ಮನೆ ಮಾಲೀಕರಿಗೆ ಮಾತು ಕೊಡ್ಬೇಕು."

"ಹೋಗ್ರಪ್ಪ, ನನಗೇನು?" ಎಂದಳು ಕಾಜಾದಮ್ಮ. ಅಂದು ಒಂದು ಕಾಜಾಗೆ ಇಪ್ಪತ್ತೇಳು ಹೊಲಿಗೆ ಬಿದ್ದವು. ಆಕೆ ಬಿಚ್ಚಲಿಲ್ಲ.

ಮರುದಿನ ಭಾನುವಾರ ಚರ್ಚಿನಲ್ಲಿ ಪಾದ್ರಿ ಅಯ್ಯನವರ ಪ್ರಸಂಗ ಜ್ಞಾನದ ಮೇಲೆ. "ಯಾರಿಗೆ ಜ್ಞಾನ ಕಡಿಮೆಯಿದೆಯೋ ಅವರು ದೇವರನ್ನು ಕೇಳಲಿ" ಎಂದಾಗ ಕಾಜಾದಮ್ಮ ಸೊಸೆಯ ಕಡೆ ನೋಡಿದಳು. "ಆತ ಹಂಗಿಸದೆ ಕೊಡುತ್ತಾನೆ" ಎಂದಾಗ ಸೊಸೆ ಕಾಜಾದಮ್ಮನ ಕಡೆ ನೋಡಿದಳು. ಮಗ ಚಪ್ಪಲಿ ನೋಡಿಕೊಂಡ.

ಆದರೆ ಮಾತು ಕಾಜಾದಮ್ಮನಿಗೆ ನಾಟಿತು. ಹಂಗಿಸದೆ ಕೊಡುವವರೂ ಇದ್ದಾರೆಂಬುದು ಆಕೆಗೆ ಹೊಸ ಸುದ್ದಿ. ಮಧ್ಯಾಹ್ನ ಒಬ್ಬಳೇ ಮೇಜಿನ ಮುಂದೆ ಕೂತು, ಕಣ್ಣು ಮುಚ್ಚಿ, "ದೇವರೇ, ಇವರನ್ನು ಕಳಿಸಲೋ, ಉಳಿಸಿಕೊಳ್ಳಲೋ, ನೀನೇ ತೋರಿಸು" ಎಂದು ಬೇಡಿದಳು. ಮನುಷ್ಯರ ಕೈಚಳಕ ಸೇರಬಾರದೆಂದು ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ ಕೈಬಿಟ್ಟಳು. ಅದು ಧೊಪ್ಪೆಂದು ಎರಡಾಗಿ ತೆರೆದುಕೊಂಡಿತು. ಕಣ್ಣು ಮುಚ್ಚಿಯೇ ಬೆರಳಾಡಿಸಿದಳು. ಒಂದು ಕಡೆ ಕಾಗದ ಸವೆದು ತಗ್ಗಾಗಿತ್ತು. ಸೂಜಿ ಹಿಡಿದು ಪಳಗಿದ ಬೆರಳು ತಾನಾಗಿ ಹೋಗಿ ಅಲ್ಲಿ ಕೂತಿತು. ಕಣ್ಣು ತೆರೆದು ಅಕ್ಷರಕ್ಕೆ ಅಕ್ಷರ ಪೋಣಿಸಿ ಓದಿದಳು: "ಮಾ-ಳಿ-ಗೆ-ಯ ಮೂ-ಲೆ-ಯ-ಲ್ಲಿ ವಾ-ಸಿ-ಸು-ವು-ದೇ ಲೇ-ಸು."

(ಬೆರಳು ಬಿದ್ದಲ್ಲಿಂದಲೇ ಓದಬೇಕು, ಮೇಲಿನ ಸಾಲು ಇಣುಕಿದರೆ ದೇವರಿಗೆ ಮೋಸ ಮಾಡಿದಂತೆ ಎಂಬುದು ಆಕೆಯ ನಿಯಮ.)

ಇನ್ನೊಮ್ಮೆ ನಿಲ್ಲಿಸಿದಳು. ಅದೇ ಪುಟ, ಅದೇ ತಗ್ಗು. ಮೂರನೆಯ ಸಲವೂ ಅದೇ! ಕಾಜಾದಮ್ಮ ಪೊರಕೆ ಹಿಡಿದು ಮಾಳಿಗೆ ಹತ್ತಿದಳು.

ಸಂಜೆ ಮಗ ಸೊಸೆ ಹೊರಡಲು ಎದ್ದಾಗ ಆಕೆ ಬಾಗಿಲಿಗೆ ಅಡ್ಡ ನಿಂತಳು. ಮಾಳಿಗೆಯ ಕೋಣೆ ಆಗಲೇ ಗುಡಿಸಿಯಾಗಿತ್ತು.

"ಎಲ್ಲಿಗೂ ಹೋಗೋ ಹಾಗಿಲ್ಲ. ನೀವಿಬ್ಬರೂ ಮಾಳಿಗೇಲಿ ಇರ್ಬೇಕಂತೆ. ದೇವರ ಅಪ್ಪಣೆ."

"ದೇವರು ಯಾವಾಗ ಬಂದಿದ್ರು ಅತ್ತೆ?" ಎಂದಳು ಸೊಸೆ.

"ಬಾಯಿ ಮುಚ್ಚು. ಮೂರು ಸಾರಿ ಕೇಳಿದೆ, ಮೂರು ಸಾರೀನೂ ಅದೇ ಪುಟ, ಅದೇ ವಾಕ್ಯ. ನಿನ್ನ ಲೈಬ್ರರೀಲಿ ಯಾವ ಪುಸ್ತಕ ಹೀಗೆ ಮಾತಾಡುತ್ತೆ?"

"ಎಲ್ಲಾ ಪುಸ್ತಕಾನೂ ಮಾತಾಡುತ್ತೆ ಅತ್ತೆ." ಸೊಸೆ ಕೈಚೀಲ ಕೆಳಗಿಟ್ಟು ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ ಬಿಟ್ಟಳು. ಧೊಪ್! ಅದೇ ಪುಟ. "ಯಾವ ಪುಟಾನ ಜಾಸ್ತಿ ಸಲ ತೆರೆದಿರ್ತಾರೋ ಅಲ್ಲಿ ಹೊಲಿಗೆ ಸಡಿಲ ಆಗಿರುತ್ತೆ. ಬಿಟ್ರೆ ಅಲ್ಲೇ ತೆರ್ಕೊಳ್ಳುತ್ತೆ. ಅಂಗೀಲಿ ದಿನಾ ಹಾಕೋ ಗುಂಡಿಯ ಕಾಜಾ ಹಿಗ್ಗಲ್ವಾ, ಹಾಗೆ. ಮಾವ ಇದೇ ಪುಟ ಓದ್ತಿದ್ರು ಅನ್ಸುತ್ತೆ."

"ನೋಡಿದ್ಯಾ! ಅವರಿಗೂ ಇದೇ ವಾಕ್ಯ ಇಷ್ಟ. ಎಲ್ಲಿ, ಗಟ್ಟಿಯಾಗಿ ಓದು, ನಿನ್ನ ಗಂಡಾನೂ ಕೇಳಲಿ."

ಸೊಸೆ ಬಗ್ಗಿ ನೋಡಿದಳು. ಅವಳ ತುಟಿ ಒಂದು ಥರಾ ಆಯಿತು. "ಬೇಡ ಅತ್ತೆ."

"ಓದೇ!"

ಸೊಸೆ ಮೇಲಿನ ಸಾಲಿನಿಂದ ಹಿಡಿದು ಓದಿದಳು: "ಜಗಳಗಂಟಿ ಹೆಂಡತಿಯೊಡನೆ ದೊಡ್ಡ ಮನೆಯಲ್ಲಿರುವುದಕ್ಕಿಂತ ಮಾಳಿಗೆಯ ಮೂಲೆಯಲ್ಲಿ ವಾಸಿಸುವುದೇ ಲೇಸು."

ಮಗನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಕಾಜಾದಮ್ಮ ಪುಸ್ತಕವನ್ನು ಕಣ್ಣಿನ ಹತ್ತಿರ ತಂದುಕೊಂಡಳು. ವಾಕ್ಯದ ಕೆಳಗೆ, ಮಧ್ಯಾಹ್ನ ಅಕ್ಷರ ಪೋಣಿಸುವ ಭರದಲ್ಲಿ ಗಮನಕ್ಕೆ ಬಾರದ ಪೆನ್ಸಿಲ್ ಗೆರೆ. ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ಕಾಗದ ತೂತು ಬೀಳುವುದೊಂದು ಬಾಕಿ. ಉಳಿದ ಪುಟಗಳು ಅಂಗಡಿಯಿಂದ ಬಂದಂತೆ ಗರಿಗರಿ. ಒಂದೇ ಒಂದು ಅಧ್ಯಾಯ ಎಂದು ಅವರು ಹೇಳಿದ್ದು ಸುಳ್ಳಲ್ಲ!

"ಕಲ್ಲಿನ ಮೇಲೆ ಕೆತ್ತಿಸಿಬಿಟ್ನಲ್ಲೋ" ಎಂದಳು, ತಗ್ಗಿದ ಧ್ವನಿಯಲ್ಲಿ. ಆಮೇಲೆ, "ನಾನು ಅಷ್ಟೊಂದು ಜಗಳಗಂಟೀನೇನೋ?"

ಮಗ ಮಾಳಿಗೆಯ ಹಲಗೆಗಳನ್ನು ಎಣಿಸತೊಡಗಿದ. ಸೊಸೆಯೇ ಬಾಯಿಬಿಟ್ಟಳು.

"ಅತ್ತೆ, ಮಾವ ಎಂದಾದ್ರೂ ಬೇರೆ ಮನೆ ನೋಡಿದ್ರಾ?"

"ಅವರೆಲ್ಲಿ ನೋಡ್ತಾರೆ!"

"ಮತ್ತೆ? ಹದಿಮೂರು ಮೆಟ್ಟಿಲು ಹತ್ತೋರು, ಊಟಕ್ಕೆ ಕೂಗಿದ್ರೆ ಇಳಿದು ಬರೋರು. ನಲವತ್ತು ವರ್ಷ ಇಳಿದು ಬಂದ್ರಲ್ಲ."

ಕಾಜಾದಮ್ಮ ಪುಸ್ತಕ ಮುಚ್ಚಿದಳು. ಮೂಗು ಒರೆಸಿಕೊಂಡಳು.

"ಹಾಗಾದ್ರೆ ನೀವೂ ಬೇರೆ ಮನೆ ನೋಡ್ಬೇಡಿ. ಕೆಳಗೆ ನೀವೇ ಇರಿ. ಟವೆಲು ಹೇಗಾದ್ರೂ ಮಡಚ್ಕೊಳ್ಳಿ. ಮೇಲಕ್ಕೆ ನಾನು ಹೋಗ್ತೀನಿ. ಹೇಗೂ ಗುಡಿಸಿದ್ದಾಗಿದೆ."

"ಮಂಡಿ ನೋವಿಟ್ಕೊಂಡು?"

"ಮಂಡಿ ನಂದು ಕಣೇ."

ಆ ಸಂಜೆ ಆಚೆ ಬೀದಿಯ ಮನೆ ಮಾಲೀಕರಿಗೆ ಮಾತು ಹೋಗಲಿಲ್ಲ.

ಮಾಳಿಗೆಯ ಮೂಲೆ ಆಕೆಗೆ ಒಗ್ಗಿತು. ಕಿಟಕಿಯ ಬೆಳಕಿನಲ್ಲಿ ಹೊಲಿಗೆ ಮತ್ತೆ ಇಪ್ಪತ್ತೆರಡಕ್ಕೆ ಇಳಿಯಿತು. ಆದರೆ ಅಡುಗೆಮನೆಯ ಅಧಿಕಾರ ಒಂದು ವಿಚಿತ್ರ ಪದವಿ. ಯಾರು ಏರಿದರೂ ಅವರ ಗಂಟಲು ಏರುತ್ತದೆ. ವಾರ ಕಳೆಯುವಷ್ಟರಲ್ಲಿ ಸೊಸೆಯ ಧ್ವನಿ ಮೆಟ್ಟಿಲು ಹತ್ತಿ ಬರತೊಡಗಿತು: ಅತ್ತೆ, ಕತ್ತರಿ ಎಲ್ಲಿಟ್ರಿ? ಅತ್ತೆ, ದಾರದ ತುಂಡೆಲ್ಲ ಕೆಳಗೆ ಉದುರ್ತಿದೆ! ಅತ್ತೆ, ಊಟ ಆರಿಹೋಗುತ್ತೆ, ಎಷ್ಟು ಸಾರಿ ಕರೀಬೇಕು?

ಕಾಜಾದಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅದು ತಾನಾಗಿ ತೆರೆದುಕೊಂಡಿತು. ಬೆರಳು ತಗ್ಗಿನಲ್ಲಿ ಹೋಗಿ ಕೂತಿತು. ಎಂಥ ಸುಖ!

ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಸೊಸೆ ಕೂಗಿದಳು:

"ಅತ್ತೇ, ಇನ್ನೂ ಎಷ್ಟು ಅಧ್ಯಾಯ ಇದೆ?"