ನವಿಲಿನ ಜಾಗಕ್ಕೆ ಬಂದ ಚೀನಾ

ಹನೂರಿನ ಕಾಲೇಜೊಂದರಿಂದ ಉಪನ್ಯಾಸಕ್ಕೆ ಕರೆ ಬಂದಾಗ ನಾನು ಎಳ್ಳಷ್ಟೂ ಹೆದರಲಿಲ್ಲ. ಕೊಳ್ಳೇಗಾಲದಲ್ಲಿ ಇಪ್ಪತ್ತು ವರ್ಷದಿಂದ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದರೂ ಹೊರಗಿನವರು ಯಾರೂ ಕರೆದಿರಲಿಲ್ಲ. ಅದು ಅವರ ನಷ್ಟವೆಂದೇ ನಂಬಿದ್ದೆ! ವಿಷಯವನ್ನೂ ನಾನೇ ಆರಿಸಿದೆ: ಭಾರತ ಮತ್ತು ಚೀನಾ ಮೂವತ್ತು ವರ್ಷಗಳಲ್ಲಿ ತಂತಮ್ಮ ಆದಾಯದ ಎಷ್ಟು ಪಾಲನ್ನು ಕಾರ್ಖಾನೆ, ರಸ್ತೆ, ಯಂತ್ರಗಳಿಗೆ ಹೂಡಿದವು? ಗ್ರಾಫನ್ನೂ ಬರೆದೆ: ಚೀನಾಕ್ಕೆ ಕೆಂಪು ಗೆರೆ, ನಮಗೆ ನೀಲಿ, ಕೆಳಗೆ ವರ್ಷವಾರು ಅಂಕಿ. ಕೊನೆಯಲ್ಲಿ ನೀಲಿ ಗೆರೆ ಕೆಂಪನ್ನು ದಾಟಿ ಮೇಲೇರಿತ್ತು. ಇದನ್ನು ಯಾವ ಪಂಡಿತನೂ ಗಮನಿಸಿರಲಿಲ್ಲ. ನಾನು ಗಮನಿಸಿದ್ದೆ!

ಗ್ರಾಫ್ ಹಾಳೆ, ಬಣ್ಣದ ಪೆನ್ನು ಎಲ್ಲವೂ ಹೆಂಡತಿ ಸರೋಜಳವು. ಅವಳದು ರೇಷ್ಮೆ ನೇಯುವ ಮನೆತನ. ಸೀರೆಯ ಅಂಚನ್ನು ಅವಳು ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ಬರೆದರೆ, ಅವಳ ತಮ್ಮ ಶಿವಣ್ಣ ಅದನ್ನು ನೋಡಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾನೆ; ತೂತಿನ ಪ್ರಕಾರ ಚಿತ್ರ ಮೂಡುತ್ತದೆ. ಆಗ ಶಿವಣ್ಣನ ಮಗಳ ಮದುವೆ ಸೀರೆಗೆಂದು ನವಿಲು ಬರೆದಿದ್ದಳು.

"ರೀ, ಪ್ಯಾಟೆಗೆ ಓಗ್ತಾ ಈ ಸುರುಳಿನ ಶಿವಣ್ಣಂಗೆ ಕೊಟ್ಬುಡಿ. ಬಿಚ್ಚಿ ನೋಡ್ಕಂಡು ತಕಂಡೋಗಿ."

"ನವಿಲಿಗೂ ಚೀನಾಕ್ಕೂ ವ್ಯತ್ಯಾಸ ತಿಳಿಯದವನೇ ನಾನು?" ಎಂದು ರೇಗಿದೆ. ಮೇಜಿನ ಮೇಲೆ ಒಂದೇ ಥರದ ಎರಡು ಸುರುಳಿ; ಬಿಚ್ಚಿ ನೋಡದೆ ಒಂದನ್ನು ಕೊಟ್ಟು ಬಂದೆ. ಇನ್ನೊಂದನ್ನು ದಾರ ಕಟ್ಟಿ ಅಲಮಾರಿಯಲ್ಲಿಟ್ಟೆ.

ಎರಡು ವಾರದ ನಂತರ ಹನೂರಿನ ಸಭೆ. "ಇಗೋ, ಎರಡು ಮಹಾ ದೇಶಗಳ ಹಣೆಬರಹ!" ಎಂದು ಘೋಷಿಸಿ ಸುರುಳಿ ಬಿಚ್ಚಿದೆ. ಸಾಲಾಗಿ ಹನ್ನೆರಡು ನವಿಲು!

ಮುಂದಿನ ಸಾಲಿನ ವಿದ್ಯಾರ್ಥಿನಿ ಎದ್ದಳು. "ಸಾ, ಇದ್ರಲ್ಲಿ ನಮ್ ದೇಸ ಯಾವ್ದು ಸಾ?"

"ಕತ್ತು ಮೇಲೆತ್ತಿರುವುದು," ಎಂದುಬಿಟ್ಟೆ.

"ಎಲ್ಲಾವೂ ಎತ್ಕಂಡವೆ ಸಾ!"

ಸಭೆ ಹೋ ಎಂದಿತು. ನನಗೆ ಮೈಯೆಲ್ಲ ಉರಿಯಿತು. ವಿದ್ವತ್ತಿಗೆ ಈ ನಾಡಿನಲ್ಲಿ ಇಷ್ಟೇನಾ ಬೆಲೆ? "ಗ್ರಾಫ್ ಇಲ್ಲದಿದ್ದರೇನು, ನಾವು ಚೀನಾವನ್ನು ದಾಟಿದ್ದು ಸತ್ಯ!" ಎಂದು ಮೇಜು ಗುದ್ದಿದೆ. ಪ್ರಾಂಶುಪಾಲರು ಬೆರಗಾಗಿ, "ಆ ಗ್ರಾಫ್ ತಂದುಕೊಡಿ, ಗೋಡೆಗೆ ಹಾಕಿಸ್ತೀವಿ," ಎಂದರು. ಮಾನ ಉಳಿಯಿತು! ಈಗ ಗ್ರಾಫ್ ಒಂದು ಸಿಕ್ಕರೆ ಸಾಕು.

ಬಸ್ಸಿಳಿದವನೇ ಶಿವಣ್ಣನ ಮಗ್ಗಕ್ಕೆ ನುಗ್ಗಿದೆ. ಸೀರೆ ಮುಕ್ಕಾಲು ಮುಗಿದಿತ್ತು. ಅಂಚಿನುದ್ದಕ್ಕೂ ಕೆಂಪು, ನೀಲಿ ಗೆರೆಗಳು ಏಳುತ್ತಾ ಬೀಳುತ್ತಾ ಸಾಗಿದ್ದವು.

"ಎರಡು ದೇಶದ ಆರ್ಥಿಕತೆಯನ್ನು ಸೀರೆಗೆ ಹಾಕಿದ್ದೀಯಲ್ಲೋ! ಕೇಳಬಾರದಾ?"

"ಬಂದ ಗ್ರಾಫ್ ನೇಯ್ತೀವಿ, ಅಷ್ಟೆಯಾ ಭಾವ. ಮಗಳೂ ಸಂದಾಗದೆ ಅಂದ್ಲು. ಆದ್ರೆ ಕೊನೇಲಿ ತಪ್ಪು ಬರ್ದಿದ್ರಿ ಕಣ್ರೀ."

"ನನ್ನ ಗ್ರಾಫಿನಲ್ಲಿ ತಪ್ಪೇ!"

"ಕೆಳಗೆ ಬರ್ದಿದ್ದ ನಂಬರ್‌ಗೂ ಮೇಲಿನ ಮನೆಗೂ ತಾಳೆ ಆಗ್ನಿಲ್ಲ. ನೀಲಿಗೆ ನಂಬರು ಕಮ್ಮಿ, ಗೆರೆ ಮೇಲಕ್ಕೋಗದೆ! ಮನೆ ಎಣಿಸಿ ಸರಿ ಮಾಡ್ದೆ."

ಹಾಳೆ ಕಿತ್ತುಕೊಂಡು ನಾನೂ ಚೌಕ ಎಣಿಸಿದೆ. ಕೊನೆಯ ವರ್ಷಗಳಲ್ಲಿ ನನ್ನ ಕೈಯಲ್ಲಿ ಪೆನ್ನು ಅದಲುಬದಲಾಗಿತ್ತು. ನಾವು ಚೀನಾವನ್ನು ದಾಟಿರಲೇ ಇಲ್ಲ! ಹಾಳೆಯನ್ನು ಸಣ್ಣಗೆ ಮಡಚಿ ಜೇಬಿಗೆ ಹಾಕಿಕೊಂಡೆ.

ಮದುವೆಗೆ ಗಂಡಿನ ಕಡೆಯವರಾಗಿ ಹನೂರಿನ ಪ್ರಾಂಶುಪಾಲರೂ ಬಂದಿದ್ದರು. "ಎಲ್ಲಿ ಸರ್, ನಮ್ಮ ಗ್ರಾಫ್?" ಎಂದರು. ನಾನು ಊಟದ ಮನೆಯ ಕಡೆ ತಿರುಗುವಷ್ಟರಲ್ಲಿ ಸರೋಜ ಮಂಟಪದಲ್ಲಿದ್ದ ಮದುಮಗಳ ಕಡೆ ಕೈ ತೋರಿಸಿದಳು.

"ಅಲ್ಲಿ ಉಟ್ಕಂಡು ನಿಂತವಳೆ ನೋಡಿ ಸಾ. ಸರಿಯಾಗಿರೋದು ಅದೊಂದೇಯ."

ನನ್ನ ಪಾಠವನ್ನು ಅಷ್ಟು ಜನ ಒಟ್ಟಿಗೆ ಕಣ್ಣರಳಿಸಿ ನೋಡಿದ್ದು ಅದೇ ಮೊದಲು. ತಿದ್ದಿಕೊಟ್ಟವನು ಓದಿದ್ದು ಏಳನೇ ಕ್ಲಾಸು!