ಸೀಟಿ ಹೊಡೆಯದ ಕುಕ್ಕರ್

ರೋಣದ ಪ್ರಭುಲಿಂಗಪ್ಪ ಅಂದು ಮುಂಜಾನೆ ಮಾಡಿದ್ದು ಕಳ್ಳತನವೇ. ಕದ್ದದ್ದು ಮಾತ್ರ ತನ್ನದೇ ಅಡುಗೆಮನೆಯಲ್ಲಿ, ಒಂದು ಹೊಸ ಕುಕ್ಕರಿನ ರಬ್ಬರ್ ಬಳೆಯನ್ನು. ಅದನ್ನು ಮಡಚಿ ಅಂಗಿಯ ಕಿಸೆಗೆ ತುರುಕಿಕೊಂಡು, ಏನೂ ಅರಿಯದವನ ಹಾಗೆ ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತ. ಊರವರ ಕುಕ್ಕರು, ಸ್ಟೋವುಗಳನ್ನು ರಿಪೇರಿ ಮಾಡುತ್ತಲೇ ತಲೆ ನರೆತ ಮನುಷ್ಯ. ರಬ್ಬರ್ ಇಲ್ಲದ ಕುಕ್ಕರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಅವನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ಆ ಕುಕ್ಕರ್ ಕಳಕೇಶನದು. ಕಳಕೇಶ ಹತ್ತು ವರ್ಷದವನಿದ್ದಾಗ ಮಕ್ಕಳ ರಕ್ಷಣಾ ಕಚೇರಿಯ ಶ್ವೇತಾ ಮೇಡಂ ಅವನನ್ನು ಕೈಹಿಡಿದು ತಂದು, ಹದಿನೆಂಟು ತುಂಬುವ ತನಕ ಸಾಕಿಕೊಡಿ ಎಂದು ಒಪ್ಪಿಸಿ ಹೋಗಿದ್ದರು. ಮಕ್ಕಳಿಲ್ಲದ ಪ್ರಭುಲಿಂಗಪ್ಪ, ನೀಲವ್ವ ಹೂಂ ಅಂದಿದ್ದರು. ಹದಿನೆಂಟು ಆಗ ಬಹಳ ದೂರ ಇತ್ತು. ಈಗ ತುಂಬಿಯೇ ಬಿಟ್ಟಿತ್ತು. ಗಜೇಂದ್ರಗಡದ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಹುಡುಗನಿಗೆ ಕೆಲಸವೂ ಸಿಕ್ಕಿತ್ತು. ಹಿಂದಿನ ಒಂದು ವರ್ಷ ಮೇಡಂ ಹೇಳಿದಂತೆ ಗಂಡಹೆಂಡಿರು ಅವನಿಗೆ ಅನ್ನ ಬಸಿಯುವುದು, ಅಂಗಿ ಒಗೆಯುವುದು, ಬ್ಯಾಂಕಿನಲ್ಲಿ ಚೀಟಿ ತುಂಬುವುದು ಎಲ್ಲ ಕಲಿಸಿದ್ದರು. ಕಲಿಸುವುದರಲ್ಲಿ ಪ್ರಭುಲಿಂಗಪ್ಪನದೇ ಒಂದು ಕೈ ಮೇಲು. ಕಲಿತವನು ಒಂದು ದಿನ ಹೊರಟುಹೋಗುತ್ತಾನೆ ಎಂಬ ಸಣ್ಣ ಸಂಗತಿ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

ಗಜೇಂದ್ರಗಡದಲ್ಲಿ ಖೋಲಿ ಸಿಗುವುದೂ ಸುಲಭವಿರಲಿಲ್ಲ. ಒಂಟಿ ಹುಡುಗ, ‘ಯಾರ ಪೈಕಿ?’ ಎಂದು ಕೇಳಿದರೆ ಹೇಳಲು ಮನೆತನದ ಹೆಸರೂ ಇಲ್ಲ. ಕೇಳಿದಲ್ಲೆಲ್ಲ ಬಾಗಿಲು ಹಾಕಿಕೊಂಡರು. ಕಡೆಗೆ ನೀಲವ್ವ ಹೋಗಿ ಗೋಗರೆದ ಮೇಲೆ ಕಮರುನ್ನಿಸಾ ಎಂಬ ಮುದುಕಿ ಅರ್ಧ ಮನಸ್ಸು ಮಾಡಿದಳು.

“ಒಂದ ದಿನಾ ನೋಡ್ತೀನಿ. ಸಂಜೀಕ ನಾ ಬಂದಾಗ ಮನಿ ಮನಿಯಂಗ ಇರಬೇಕು. ತಾನ ಅಡಿಗಿ ಮಾಡಿರಬೇಕು. ಓಣಿಯವ್ರ ತಕರಾರ ಬರಬಾರ್ದು. ನಿಮ್ಮ ಪೈಕಿ ಯಾರೂ ಬಂದು ಕೈ ಹಚ್ಚಬಾರ್ದು. ಪಾಸಾದ್ರ ಚಾವಿ ಅವನ ಕೈಯಾಗ. ಇಲ್ಲಂದ್ರ ಗಂಟುಮೂಟಿ ಕಟ್ಟಿಸಿ ರೋಣಕ್ಕ ಕಳಸ್ತೀನಿ.”

ನೀಲವ್ವ ಇದನ್ನು ಮನೆಗೆ ಬಂದು ಹೇಳಿದಾಗ ಪ್ರಭುಲಿಂಗಪ್ಪನಿಗೆ ಕೊನೆಯ ಮಾತೊಂದೇ ಬಹಳ ಇಂಪಾಗಿ ಕೇಳಿಸಿತ್ತು. ಹುಡುಗ ಪಾಸಾಗಲಿ ಎಂದು ಬಾಯಲ್ಲಿ ಹೇಳಿದ. ನಪಾಸಾಗಲಿ ಎಂದು ಮನಸ್ಸಿನಲ್ಲಿ ಕಾಳಮ್ಮನಿಗೆ ಕಾಯಿಯ ಹರಕೆ ಹೊತ್ತ.

ಬಸ್ಸಿಳಿದು ಓಣಿಯ ಬಾಯಿಗೆ ಬಂದಾಗ ಅವನು ಕಳಕೇಶನ ಬೆನ್ನು ತಟ್ಟಿದ. “ಆಗ್ಲಿಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡಪಾ. ಮನಿ ಐತಿ.”

“ಆಕ್ಕೈತಿ ಬಿಡ್ರಿ ಅಪ್ಪಾಜಿ,” ಎಂದ ಕಳಕೇಶ. ಅಪ್ಪಾಜಿಯ ಉಬ್ಬಿದ ಕಿಸೆಯ ಮೇಲೆ ಒಂದು ಗಳಿಗೆ ಅವನ ಕಣ್ಣು ನಿಂತಿತು. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟುಹೋದ.

ಪ್ರಭುಲಿಂಗಪ್ಪ ಮರಳಿ ಬಸ್ ಹತ್ತಬೇಕಿತ್ತು. ಅದರ ಬದಲು ಓಣಿಯ ಮೂಲೆಯ ಚಹಾದಂಗಡಿಗೆ ಹೋಗಿ, ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಕುಳಿತ. ಕಮರುನ್ನಿಸಾ ಅವನ ಮುಖ ನೋಡಿರಲಿಲ್ಲವಾದ್ದರಿಂದ ಹೆದರಿಕೆ ಇರಲಿಲ್ಲ.

ಹೊತ್ತು ಏರಿತು. ಓಣಿಯ ಕುಕ್ಕರುಗಳೆಲ್ಲ ಒಂದಾದ ಮೇಲೊಂದು ಸೀಟಿ ಹೊಡೆದವು. ಕಳಕೇಶನ ಖೋಲಿಯಿಂದ ಮಾತ್ರ ಹಲ್ಲಿಲ್ಲದ ಮುದುಕ ಊದಿದಂತೆ ಪುಸ್ ಪುಸ್ ಎಂಬ ಸದ್ದು. ಎದುರು ಮನೆಯ ಖಾಜಾಬಿ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದಳು.

“ಅಯ್ಯ, ಸೀಟೀನ ಹೊಡಿವಲ್ದು! ಬೇಟಾ ಉಪವಾಸ ಐತಿ,” ಎಂದವಳೇ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ತುಂಬಿದ ಡಬ್ಬಿ ತಂದು ಕೊಟ್ಟಳು.

ಚಹಾದಂಗಡಿಯಲ್ಲಿ ಪ್ರಭುಲಿಂಗಪ್ಪ ಖುಷಿಯಿಂದ ಇನ್ನೊಂದು ಕಪ್ ಹೇಳಿದ. ಬೇರೆಯವರ ಮನೆ ಅನ್ನ ಉಂಡ ಮೇಲೆ ಪಾಸೆಲ್ಲಿ ಬಂತು?

ಖಾಜಾಬಿ ಕೊಟ್ಟಳೆಂದರೆ ಪಕ್ಕದ ಮನೆಯ ಬಸಲಿಂಗವ್ವ ಸುಮ್ಮನಿರುವವಳಲ್ಲ. ನಳದ ಪಾಳಿಯ ಜಗಳದಿಂದ ಇಬ್ಬರೂ ಮಾತು ಬಿಟ್ಟು ಯಾವ ಕಾಲವಾಯಿತೋ. ಅವಳೂ ಒಂದು ಬೋಗುಣಿ ಹೆಸರುಕಾಳಿನ ಪಲ್ಯ ತಂದಿಟ್ಟು, ಎದುರು ಮನೆಗೆ ಕೇಳುವಂತೆ, “ಹೊಟ್ಟಿ ಕೆಡಸ್ಕೋಬ್ಯಾಡಪಾ, ಚಲೋದನ್ನ ಉಣ್ಣು,” ಎಂದು ಹೇಳಿ ಹೋದಳು.

ಇನ್ನು ಪಾತ್ರೆ ಮರಳಿಸಬೇಕಲ್ಲ. ಕೊಟ್ಟವರ ಪಾತ್ರೆಯನ್ನು ಖಾಲಿ ತಿರುಗಿಸಬಾರದು, ಏನಾದರೂ ಹಾಕಿಯೇ ಕೊಡಬೇಕು. ಇದನ್ನು ಕಳಕೇಶನಿಗೆ ಕಲಿಸಿದವನೂ ಪ್ರಭುಲಿಂಗಪ್ಪನೇ. ಹುಡುಗನ ಹತ್ತಿರ ಬೆಂದದ್ದು ಏನೂ ಇರಲಿಲ್ಲ. ಹೊಟ್ಟೆ ತುಂಬ ಉಂಡ ಮೇಲೂ ಪಲ್ಯವೇನೋ ಬೇಕಾದಷ್ಟು ಉಳಿದಿತ್ತು. ಅವನು ಖಾಜಾಬಿಯ ಬದನೆಕಾಯಿಯನ್ನು ಬಸಲಿಂಗವ್ವನ ಬೋಗುಣಿಗೆ, ಬಸಲಿಂಗವ್ವನ ಹೆಸರುಕಾಳನ್ನು ಖಾಜಾಬಿಯ ಡಬ್ಬಿಗೆ ಹಾಕಿ ಕೊಟ್ಟು ಬಂದ.

ಖಾಜಾಬಿ ಬಾಗಿಲಲ್ಲೇ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. “ಯಾ ಅಲ್ಲಾ, ಏನ್ ಕೈ ಐತಿ ಹುಡುಗಂದು!”

ಅತ್ತ ಬಸಲಿಂಗವ್ವ ಬೆರಳು ಚೀಪುತ್ತ ಹೊರಗೆ ಬಂದಳು. “ಇಂಥಾ ಬದನಿಕಾಯಿ ನನ್ನ ತವರಮನ್ಯಾಗೂ ಉಂಡಿಲ್ಲ ನಾನು.”

“ಅದು ನಾ ಮಾಡಿದ್ದಲ್ರಿ...” ಎಂದು ಕಳಕೇಶ ಬಾಯಿ ತೆರೆದ.

“ನೋಡ, ಎಷ್ಟ ನಯಾ ವಿನಯಾ!” ಎಂದರು ಇಬ್ಬರೂ, ಒಬ್ಬರ ಮುಖ ಒಬ್ಬರು ನೋಡದೆ.

ಪ್ರಭುಲಿಂಗಪ್ಪನಿಗೆ ಚಹಾ ನೆತ್ತಿಗೇರಿತು. ಹುಡುಗ ಅಡುಗೆ ಮಾಡದೆಯೇ ಹೆಸರು ಗಳಿಸುತ್ತಿದ್ದಾನೆ! ಏನಾದರೂ ಮಾಡಲೇಬೇಕೆಂದು ಎದ್ದು ನಿಲ್ಲುವಷ್ಟರಲ್ಲಿ ಕಳಕೇಶ ಖಾಜಾಬಿಗೆ ಏನೋ ಹೇಳಿ ಚಹಾದಂಗಡಿಯ ಕಡೆಗೆ ಬೊಟ್ಟು ಮಾಡಿದ. ಮರುಗಳಿಗೆಗೆ ಅವಳು ಇವನೆದುರು ಬಂದು ನಿಂತಿದ್ದಳು.

“ನೀವು ಕುಕ್ಕರ್ ರಿಪೇರಿ ಮಾಡ್ತೀರಂತಲ್ಲ? ಮುಂಜಾನಿಂದ ಖಾಲಿ ಕುಂತೀರಿ. ಏಳ್ರಿ!”

ಅಲ್ಲ ಎಂದರೆ ಮತ್ಯಾರು ಎಂದು ಹೇಳಬೇಕು. ಹುಡುಗನ ಪೈಕಿಯವನು ಎಂದು ಗೊತ್ತಾದರೆ ಕೆಲಸ ಇನ್ನೂ ಕೆಟ್ಟಿತು. ಹೌದು ಎಂದ. ಅನ್ನುವುದೇ ತಡ, ಹಿಡಿಕೆ ಮುರಿದದ್ದು, ತಳ ಉಬ್ಬಿದ್ದು, ಸೀಟಿ ಕಳೆದುಕೊಂಡದ್ದು, ಓಣಿಯ ರೋಗಿಷ್ಠ ಕುಕ್ಕರುಗಳೆಲ್ಲ ಅವನ ಮುಂದೆ ಸಾಲುಗಟ್ಟಿದವು. ನೆತ್ತಿಯ ಮೇಲೆ ಸೂರ್ಯ, ಕೈಯಲ್ಲಿ ಬಸಲಿಂಗವ್ವನ ಮನೆಯ ಜಂಗು ಹಿಡಿದ ಸ್ಕ್ರೂಡ್ರೈವರ್. ಬೆವರು ಒರೆಸಿಕೊಳ್ಳುತ್ತ ಅವನು ಖಾಜಾಬಿಯ ಕಿವಿಯಲ್ಲಿ ಮೆಲ್ಲಗೆ ವಿಷ ಹಿಂಡಿದ.

“ಅಲ್ರಿ ಚಾಚಿ, ನೀವು ಉಂಡ ಹೆಸರಕಾಳು ಆ ಹುಡುಗ ಮಾಡಿದ್ದಲ್ರಿ. ಬಸಲಿಂಗವ್ವಾರ ಮನೀದು.”

ಖಾಜಾಬಿ ಸೊಂಟದ ಮೇಲೆ ಕೈಯಿಟ್ಟಳು. “ಆಕಿದಾ? ಆಕಿ ಕೈಯಾಗ ಇಂಥಾ ರುಚಿ ಐತಾ? ಸುಳ್ಳ ಹೇಳಾಕ ನಾಚಿಕಿ ಬರಂಗಿಲ್ಲೇನ್ ನಿಮಗ? ತಂದಿ ತಾಯಿ ಇಲ್ಲದ ಹುಡುಗನ ಮ್ಯಾಲ ಹೊಟ್ಟಿಕಿಚ್ಚು! ನಡೀರಿ, ಮೊದ್ಲ ಅವನ ಕುಕ್ಕರ್ ಸುದ್ದ ಮಾಡ್ರಿ.”

ರಟ್ಟೆ ಹಿಡಿದು ಅವನನ್ನು ಖೋಲಿಗೆ ಎಳೆದುಕೊಂಡೇ ಹೋದಳು. ಕಳಕೇಶ ಗುರುತಿಲ್ಲದವನಂತೆ, “ಬರ್ರಿ ಮಾಮಾ,” ಎಂದು ಚಾಪೆ ಹಾಸಿದ. ಕುಕ್ಕರಿನ ಮುಚ್ಚಳ ಪ್ರಭುಲಿಂಗಪ್ಪನ ತೊಡೆಯ ಮೇಲೆ ಬಂತು. ಸುತ್ತ ಹೆಂಗಸರು ಬಗ್ಗಿ ನೋಡುತ್ತಿದ್ದರು.

“ರಬ್ಬರ್ ಇಲ್ರಿ ಇದಕ್ಕ,” ಎಂದ ಪ್ರಭುಲಿಂಗಪ್ಪ.

“ನಿಮ್ಮ ಕಿಸೆದಾಗ ಇಣಕತೈತಲ್ಲ, ಅದೇನ್ರಿ?” ಎಂದಳು ಬಸಲಿಂಗವ್ವ.

ಇನ್ನು ಮಾಡುವುದೇನು? ತಾನೇ ಕದ್ದ ರಬ್ಬರನ್ನು ತಾನೇ ತೆಗೆದು ತಾನೇ ಕೂರಿಸಿದ. ಸ್ವಲ್ಪ ಹೊತ್ತಿಗೆ ಕುಕ್ಕರ್ ಓಣಿಗೆಲ್ಲ ಕೇಳುವಂತೆ ಸೀಟಿ ಹೊಡೆಯಿತು. ಹೆಂಗಸರು ಗೆದ್ದವರಂತೆ ನಕ್ಕರು. ಆ ಸೀಟಿ ಕೇಳಿ ಎದೆಯಲ್ಲಿ ಚುಚ್ಚಿದಂತಾದದ್ದು ಒಬ್ಬನಿಗೇ.

ಸಂಜೆ ಕಮರುನ್ನಿಸಾ ಬಂದಳು. ನೆಲ ನೋಡಿದಳು, ಒಗೆದು ಒಣಹಾಕಿದ ಅಂಗಿ ನೋಡಿದಳು, ಕಳಕೇಶ ಮಾಡಿದ ಬೇಳೆಸಾರನ್ನು ಒಂದು ಚಮಚ ಕುಡಿದಳು. ಉಪ್ಪು ಕಡಿಮೆಯಿತ್ತು, ಇನ್ನೊಂದು ಚಮಚ ಕುಡಿದಳು. ಅಷ್ಟರಲ್ಲಿ ಖಾಜಾಬಿ ಹೆಸರುಕಾಳನ್ನೂ ಬಸಲಿಂಗವ್ವ ಬದನೆಕಾಯಿಯನ್ನೂ ತೋರಿಸಿ ಹುಡುಗನನ್ನು ಹೊಗಳತೊಡಗಿದರು. ಮುದುಕಿ ಎರಡನ್ನೂ ಒಂದೊಂದು ಚೂರು ಬಾಯಿಗಿಟ್ಟಳು. ಆ ಓಣಿಯಲ್ಲೇ ಹಣ್ಣಾದ ಜೀವ. ಯಾವ ಪಲ್ಯ ಯಾರ ಕೈಯದೆಂದು ಅವಳ ನಾಲಗೆಗೆ ಗೊತ್ತಾಗದೆ ಇರುತ್ತದೆಯೇ? ತುಟಿಯ ಕೊನೆಯಲ್ಲಿ ನಕ್ಕು, ಓಣಿಯ ಉಳಿದ ಕುಕ್ಕರುಗಳನ್ನೂ ಅಲ್ಲೇ ಕುಳಿತು ಮುಗಿಸಿ ಮೂಲೆಯಲ್ಲಿ ನಿಂತಿದ್ದ ರಿಪೇರಿಯವನ ಕಡೆ ತಿರುಗಿದಳು.

“ಈ ಹೆಂಗಸ್ರಂತೂ ಮಳ್ಳಾಗ್ಯಾರ. ನೀವು ಹೊರಗಿನವ್ರು, ಒಳಗ ಕುಂತು ಎಲ್ಲಾ ನೋಡೀರಿ. ಖರೇ ಹೇಳ್ರಿ, ಈ ಹುಡುಗ ಒಬ್ಬನ ಇರತಾನೇನು?”

ಒಂದು ‘ಇಲ್ಲ’ ಸಾಕಿತ್ತು. ಕೊನೆಯ ಬಸ್ಸಿಗೆ ಇಬ್ಬರೂ ಕೂಡಿಯೇ ರೋಣಕ್ಕೆ ಹೋಗಬಹುದಿತ್ತು. ಪ್ರಭುಲಿಂಗಪ್ಪ ಬಾಯಿ ತೆರೆದ. ಒಲೆಯ ಪಕ್ಕ ಬೋರಲು ಹಾಕಿದ ತಟ್ಟೆ, ಒದ್ದೆ ಬಟ್ಟೆಯಿಂದ ಒರೆಸಿದ ಕಟ್ಟೆ ಕಣ್ಣಿಗೆ ಬಿದ್ದವು. ಎಲ್ಲ ತಾನು ಕಲಿಸಿದ ಹಾಗೆಯೇ ಇತ್ತು. ಕಳಕೇಶ ತಲೆತಗ್ಗಿಸಿ ನಿಂತಿದ್ದ. ಎಷ್ಟು ಬಾಗಿಲು ಮುಚ್ಚಿದ್ದನ್ನು ಕಂಡಿದ್ದನೋ ಆ ಹುಡುಗ.

“ಇರತಾನ್ರಿ,” ಎಂದ ಪ್ರಭುಲಿಂಗಪ್ಪ. “ನನ್ನ ಸ್ವಂತ ಮಗಾ ಇದ್ರೂ ಇಷ್ಟ ಚಂದ ಇರತಿದ್ದಿಲ್ಲ.”

ಚಾವಿ ಕಳಕೇಶನ ಕೈಗೆ ಬಂತು. ಅವನು ರಿಪೇರಿಯವನನ್ನು ಓಣಿಯ ಬಾಯಿಯ ತನಕ ಕಳಿಸಲು ಬಂದು, ಯಾರೂ ಕಾಣದಂತೆ ಕಾಲು ಮುಟ್ಟಿದ. “ರಬ್ಬರ್ ನಿಮ್ಮ ಕಿಸೆದಾಗ ಐತಂತ ಮುಂಜಾನೇನ ನೋಡಿದ್ದೆ ಅಪ್ಪಾಜಿ.”

“ಮತ್ಯಾಕ ಕೇಳ್ಲಿಲ್ಲಲೇ?”

“ಕೇಳಿದ್ರ ಕೊಟ್ಟು ಊರಿಗೆ ಹೋಗಿಬಿಡ್ತಿದ್ರಿ. ಮೊದಲ ದಿನಾ, ನನಗೂ ಸ್ವಲ್ಪ ಅಂಜಿಕಿ ಇತ್ತು.”

ಪ್ರಭುಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಬಸ್ ಹತ್ತಿದ. ರೋಣ ಬರುವ ತನಕ ಕಂಡಕ್ಟರ್ ಎರಡು ಸಲ, ಹುಷಾರಿಲ್ಲೇನ್ರಿ ಅಂತ ಕೇಳಿದ.

ಮನೆಯ ಬಾಗಿಲಲ್ಲೇ ನೀಲವ್ವ ಮುಖವರಳಿಸಿ ನಿಂತಿದ್ದಳು. “ಹುಡುಗ ಫೋನ್ ಮಾಡಿದ್ದ, ಎಲ್ಲಾ ಹೇಳ್ದ. ಶ್ವೇತಾ ಮೇಡಂಗೂ ಹೇಳಿದೆ. ಭಾಳ ಖುಷಿಯಾದ್ರು. ಹುಡುಗರನ್ನ ಸ್ವಂತ ಕಾಲ ಮ್ಯಾಲ ನಿಲ್ಲಸೋದ್ರಾಗ ನಿಮ್ಮಂಥವ್ರು ಜಿಲ್ಲಾದಾಗ ಇಲ್ಲಂದ್ರು.”

“ಹ್ಞೂಂ,” ಎಂದ ಪ್ರಭುಲಿಂಗಪ್ಪ.

“ಅದಕ್ಕ ನಾಳೆ ಇನ್ನೊಬ್ಬನ್ನ ಕಳಸಾಕತ್ಯಾರ. ಪರಶು ಅಂತ. ಹದಿನೇಳೂವರಿ ವರ್ಷ. ಆರ ತಿಂಗಳದಾಗ ಅವನ್ನೂ ತಯಾರ ಮಾಡಿ ಕಳಸಬೇಕಂತ.”

ಪ್ರಭುಲಿಂಗಪ್ಪ ಗೋಡೆಗೊರಗಿ ಕುಸಿದು ಕುಳಿತ. ಒಬ್ಬನನ್ನು ಕಳಿಸಿದ ಸಂಕಟವೇ ಇನ್ನೂ ಇಳಿದಿರಲಿಲ್ಲ. ಆದರೂ ಸಣ್ಣ ದನಿಯಲ್ಲಿ ಕೇಳಿದ, “ಅಡಿಗಿ ಗಿಡಿಗಿ ಬರತೈತೇನ ಅವನಿಗೆ?”

“ನೀರ ಕಾಸಾಕೂ ಬರಂಗಿಲ್ಲಂತ.”

ಪ್ರಭುಲಿಂಗಪ್ಪನ ಮುಖದಲ್ಲಿ ಮತ್ತೆ ಕಳೆ ಬಂತು. ನೀರು ಕಾಸಲೂ ಬಾರದವನು ಆರು ತಿಂಗಳಲ್ಲಿ ಎಲ್ಲಿ ಹೊರಟಾನು? ಎದ್ದವನೇ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ, ಮನೆಯ ಕುಕ್ಕರಿನ ಮುಚ್ಚಳ ಎತ್ತಿ ಒಳಗೆ ಬೆರಳಾಡಿಸಿದ. ಏನೂ ಸಿಗಲಿಲ್ಲ. ತಿರುಗಿ ನೋಡಿದರೆ ನೀಲವ್ವ ಬಾಗಿಲಿಗೊರಗಿ ನಗುತ್ತ ನಿಂತಿದ್ದಳು. ರಬ್ಬರ್ ಬಳೆ, ಈ ಸಲ ಗಂಡನ ಕೈಗೆ ಸಿಗದಂತೆ, ಆಗಲೇ ಅವಳ ಸೆರಗಿನ ತುದಿಯಲ್ಲಿ ಗಂಟಾಗಿತ್ತು.